ಲೆಕ್ಕದ ಮೇಜಿಗೆ ಹೊಸ ಯಂತ್ರ: ಕಾಲೇಜು ಬಾಸ್ಕೆಟ್‌ಬಾಲ್ ಮತ್ತು ಜಾದವ್‌ಪುರದ ಪಾಠ

ಪಂದ್ಯ ನೋಡಲು ಹೋದವರ ಕಣ್ಣು ಆಟಗಾರರ ಮೇಲಿರುತ್ತದೆ. ಸಿಟ್ಟು ಬಂದಾಗ ಅದು ಸಿಳ್ಳೆ ಊದುವ ತೀರ್ಪುಗಾರರ ಕಡೆಗೆ ತಿರುಗುತ್ತದೆ. ಆದರೆ ಅಂಕಣದ ಅಂಚಿನಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಒಂದು ಕಾಗದದ ಹಾಳೆ, ಒಂದು ಗಡಿಯಾರ, ಇವಿಷ್ಟನ್ನು ಇಟ್ಟುಕೊಂಡು ಕುಳಿತವರನ್ನು ಯಾರೂ ಗಮನಿಸುವುದಿಲ್ಲ. ಅವರು ತಪ್ಪಿದಾಗ ಮಾತ್ರ ಇಡೀ ಮೈದಾನವೇ ಅವರ ಕಡೆಗೆ ನೋಡುತ್ತದೆ. ಬಾಸ್ಕೆಟ್‌ಬಾಲ್ ಆಟದಲ್ಲಿ ಈ ಮೇಜಿಗೆ ಇರುವಷ್ಟು ಹೊಣೆ ಬೇರೆ ಆಟಗಳಲ್ಲಿ ವಿರಳ. ಇಂದು ದೇಶದ ಕಾಲೇಜುಗಳಲ್ಲಿ ವಿದ್ಯುತ್ತಿನ ಅಂಕಫಲಕ, ಇಪ್ಪತ್ತನಾಲ್ಕು ಸೆಕೆಂಡಿನ ಗಡಿಯಾರ, ಗಣಕದ ಪರದೆಯ ಮೇಲೆ ಬರೆಯುವ ಅಂಕಪತ್ರ ಇವೆಲ್ಲ ಬರುತ್ತಿರುವಾಗ, ಬಂದುದನ್ನು ಹೇಗೆ ಬಳಸಬೇಕು, ಯಾವುದನ್ನು ಬಿಡಬೇಕು, ಯಾವುದನ್ನು ಬಿಡಲೇಬಾರದು ಎಂಬ ವಿಚಾರವನ್ನು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ವಿಚಾರಕ್ಕೆ ನೆಲೆಯಾಗಿ ಕಲಕತ್ತೆಯ ದಕ್ಷಿಣ ಭಾಗದ ಜಾದವ್‌ಪುರವನ್ನು ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣಗಳಿವೆ. ಒಂದನೆಯದಾಗಿ, ಅದು ಯಂತ್ರವಿದ್ಯೆಯ ಊರು. ಎರಡನೆಯದಾಗಿ, ನಮ್ಮಂತೆ ನಾಡು ಬಿಟ್ಟು ಬಂದವರ ಊರು. ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ಸಾವಿರಾರು ಕುಟುಂಬಗಳು ವಿಜಯಗಢ, ಆಜಾದ್‌ಗಢ ಮೊದಲಾದ ಕಾಲೊನಿಗಳನ್ನು ಅದರ ಸುತ್ತಮುತ್ತ ತಾವೇ ಕಟ್ಟಿಕೊಂಡವು. ಮೂರನೆಯದಾಗಿ, ಕನ್ನಡನಾಡಿಗೂ ಬಂಗಾಳಕ್ಕೂ ವಿದ್ಯೆಯ ಕೊಡುಕೊಳೆ ಹೊಸದಲ್ಲ. 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲರು ಬಂಗಾಳದವರು. ಅಂತಹ ಸ್ಥಳದಿಂದ ನಾವು ಒಂದು ಪಾಠ ಕಲಿಯುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

ಒಬ್ಬನೇ ಮಾಡುತ್ತಿದ್ದ ಲೆಕ್ಕ

ಈ ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ. ಚಳಿಗಾಲದಲ್ಲಿ ಹೊರಗೆ ಆಡಲಾಗದ ತರುಣರಿಗೆಂದು ವ್ಯಾಯಾಮ ಶಿಕ್ಷಕ ಜೇಮ್ಸ್ ನೈಸ್ಮಿತ್ ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಗೆ ಹೊಡೆಸಿ ಹದಿಮೂರು ನಿಯಮಗಳನ್ನು ಬರೆದರು. ತಂಡಕ್ಕೆ ಒಂಬತ್ತು ಮಂದಿಯಂತೆ ಆಡಿದ ಆ ಮೊದಲ ಪಂದ್ಯದಲ್ಲಿ ಬುಟ್ಟಿಗೆ ಬಿದ್ದ ಚೆಂಡು ಒಂದೇ ಒಂದು. ಹಾಗಿರಲು ಲೆಕ್ಕಕ್ಕೆ ಸಲಕರಣೆಯಾದರೂ ಏಕೆ ಬೇಕಿತ್ತು? ನೈಸ್ಮಿತರ ಹನ್ನೊಂದನೆಯ ನಿಯಮದ ಪ್ರಕಾರ, ಕಾಲವನ್ನು ನೋಡುವವನೂ, ಬುಟ್ಟಿಗೆ ಬಿದ್ದ ಚೆಂಡುಗಳ ಲೆಕ್ಕವಿಡುವವನೂ ರೆಫರಿಯೇ. ಚೆಂಡು ಯಾರದು ಎಂದು ತೀರ್ಮಾನಿಸುವ ಹೊಣೆಯೂ ಅವನದೇ.

ನಮ್ಮ ಹಳ್ಳಿಗಳಲ್ಲಿ ಹಾಲು ಮೊಸರಿನ ಲೆಕ್ಕಕ್ಕೆ ಗೋಡೆಯ ಮೇಲೆ ಸುಣ್ಣದ ಗೀಟು ಎಳೆಯುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಕೊಡುವವಳಿಗೂ ಕೊಳ್ಳುವವಳಿಗೂ ಕಾಣುವಂತೆ ಇರುವುದೇ ಆ ಗೀಟಿನ ಬಲ. ಆಟದ ಲೆಕ್ಕವೂ ಮೊದಲು ಅಷ್ಟೇ ಸರಳವಾಗಿತ್ತು. ಆಟ ಬೆಳೆದಂತೆ ಅದರ ಗೀಟುಗಳೂ ಬೆಳೆದವು.

ಇಂದಿನ ಮೇಜು

ಇಂದು ಅಂತರರಾಷ್ಟ್ರೀಯ ನಿಯಮದ ಪಂದ್ಯದಲ್ಲಿ ಮೇಜಿನ ಹಿಂದೆ ಕೂರುವವರು ನಾಲ್ವರು: ಅಂಕ ಬರೆಯುವವರು, ಅವರ ಸಹಾಯಕರು, ಪಂದ್ಯದ ಗಡಿಯಾರ ನಡೆಸುವವರು, ಇಪ್ಪತ್ತನಾಲ್ಕು ಸೆಕೆಂಡಿನ ಗಡಿಯಾರ ನಡೆಸುವವರು. ಅಂಕ ಬರೆಯುವವರ ಮುಂದೆ ಇರುವ ಹಾಳೆ ನಮ್ಮ ಅಂಗಡಿಗಳ ದಿನವಹಿಗಿಂತ ಜಟಿಲ. ಎರಡೂ ತಂಡಗಳಿಗೆ ಒಂದರಿಂದ ಮೇಲಕ್ಕೆ ಸಂಖ್ಯೆಗಳ ಕಂಬಸಾಲು. ಬುಟ್ಟಿಗೆ ಚೆಂಡು ಬಿದ್ದೊಡನೆ ಆ ತಂಡದ ಹೊಸ ಮೊತ್ತದ ಮೇಲೆ ಓರೆಗೆರೆ ಎಳೆದು, ಪಕ್ಕದಲ್ಲಿ ಹಾಕಿದ ಆಟಗಾರನ ಅಂಗಿಯ ಸಂಖ್ಯೆಯನ್ನು ಬರೆಯಬೇಕು. ಮೂರು ಅಂಕದ ಹೊಡೆತವಾದರೆ ಆ ಸಂಖ್ಯೆಗೆ ಒಂದು ವೃತ್ತ. ಫ್ರೀ ಥ್ರೋ ಆದರೆ ಓರೆಗೆರೆಯ ಬದಲು ತುಂಬಿದ ಚುಕ್ಕೆ. ಯಾವ ಪಾದದಲ್ಲಿ ಬಂದ ಅಂಕವೆಂದು ತಿಳಿಯಲು ಶಾಯಿಯ ಬಣ್ಣವನ್ನು ಬದಲಿಸುವ ಪದ್ಧತಿಯೂ ಇದೆ.

ಇದು ಅಂಕದ ಲೆಕ್ಕವಾಯಿತು. ತಪ್ಪುಗಳ ಲೆಕ್ಕ ಬೇರೆಯೇ ಇದೆ. ಆಟಗಾರನೊಬ್ಬ ಐದು ಫೌಲ್ ಮಾಡಿದರೆ ಅವನು ಹೊರಗೆ. ತಂಡವೊಂದು ಒಂದು ಪಾದದಲ್ಲಿ ನಾಲ್ಕು ಫೌಲ್ ಮುಗಿಸಿದರೆ, ಆ ಬಳಿಕದ ಫೌಲುಗಳಿಗೆ ಎದುರಾಳಿಗೆ ಎರಡು ಫ್ರೀ ಥ್ರೋ ಸಿಗುತ್ತವೆ. ನಾಲ್ಕನ್ನು ಮೂರೆಂದು ಬರೆದರೆ ಒಬ್ಬರಿಗೆ ಅನ್ಯಾಯ; ಐದೆಂದು ಬರೆದರೆ ಇನ್ನೊಬ್ಬರಿಗೆ ಅನ್ಯಾಯ. ಓಡಾಟದ ಈ ಆಟದಲ್ಲಿ ಒಂದು ಬುಟ್ಟಿಗೂ ಇನ್ನೊಂದಕ್ಕೂ ನಡುವೆ ಕೆಲವೊಮ್ಮೆ ಹತ್ತು ಸೆಕೆಂಡುಗಳೂ ಇರುವುದಿಲ್ಲ. ಅಷ್ಟರೊಳಗೆ ನೋಡಿ, ಕೇಳಿ, ಬರೆದು, ತಲೆಯೆತ್ತಬೇಕು. ಇಂತಹ ಕೆಲಸವನ್ನು ಕಾಲೇಜುಗಳಲ್ಲಿ ಬಹುಮಟ್ಟಿಗೆ ಮಾಡುವವರು ತಂಡದಲ್ಲಿ ಸ್ಥಾನ ಸಿಗದ ಹದಿನೆಂಟು ಇಪ್ಪತ್ತರ ವಿದ್ಯಾರ್ಥಿಗಳು ಎಂಬುದನ್ನು ನೆನೆದರೆ, ಅವರ ಮೇಲೆ ರೇಗುವ ಮೊದಲು ನಾವು ಸ್ವಲ್ಪ ತಡೆಯಬೇಕಾಗುತ್ತದೆ.

ಗಡಿಯಾರ ಆಟವನ್ನು ಬದಲಿಸಿದ ಬಗೆ

ಸಲಕರಣೆಯು ಆಟದ ಲೆಕ್ಕವನ್ನು ಬರೆಯುವುದಷ್ಟೇ ಅಲ್ಲ, ಆಟವನ್ನೇ ಬದಲಿಸಬಲ್ಲುದು. 1950ರ ನವೆಂಬರ್ 22ರಂದು ಅಮೆರಿಕದ ವೃತ್ತಿಪರ ಪಂದ್ಯವೊಂದರಲ್ಲಿ ಫೋರ್ಟ್ ವೇನ್ ತಂಡವು ಮಿನಿಯಾಪೊಲಿಸ್ ತಂಡವನ್ನು 19–18ರಿಂದ ಸೋಲಿಸಿತು. ನಲವತ್ತೆಂಟು ನಿಮಿಷದ ಆಟದಲ್ಲಿ ಎರಡೂ ತಂಡಗಳು ಸೇರಿ ಮೂವತ್ತೇಳು ಅಂಕ! ಚೆಂಡನ್ನು ಕೈಯಲ್ಲಿ ಹಿಡಿದು ಕಾಲಹರಣ ಮಾಡುವುದನ್ನು ತಡೆಯುವ ನಿಯಮ ಆಗ ಇರಲಿಲ್ಲ. ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಯಾಸೋನ್ ಇದಕ್ಕೆ ಒಂದು ಲೆಕ್ಕ ಹಾಕಿದರು. ಒಳ್ಳೆಯ ಪಂದ್ಯವೊಂದರಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಬಾರಿ ಬುಟ್ಟಿಗೆ ಎಸೆಯುತ್ತವೆ, ನಲವತ್ತೆಂಟು ನಿಮಿಷವೆಂದರೆ 2,880 ಸೆಕೆಂಡು, ಭಾಗಿಸಿದರೆ 24. ಅಷ್ಟರೊಳಗೆ ಎಸೆಯದಿದ್ದರೆ ಚೆಂಡು ಎದುರಾಳಿಗೆ. 1954ರಲ್ಲಿ ಆ ಗಡಿಯಾರ ಬಂದಿತು, ಆಟ ಓಡತೊಡಗಿತು. ಅಂತರರಾಷ್ಟ್ರೀಯ ನಿಯಮವು 1956ರಲ್ಲಿ ಮೂವತ್ತು ಸೆಕೆಂಡನ್ನು ಒಪ್ಪಿ, 2000ದಲ್ಲಿ ಇಪ್ಪತ್ತನಾಲ್ಕಕ್ಕೆ ಇಳಿಸಿತು.

ಅಮೆರಿಕದ ಕಾಲೇಜುಗಳು ಮಾತ್ರ ಆತುರಪಡಲಿಲ್ಲ. ಅಲ್ಲಿನ ಪುರುಷರ ಕಾಲೇಜು ಪಂದ್ಯಗಳಿಗೆ ನಲವತ್ತೈದು ಸೆಕೆಂಡಿನ ಮಿತಿ ಬಂದದ್ದು 1985–86ರ ಋತುವಿನಲ್ಲಿ. ಅದು 1993–94ರಲ್ಲಿ ಮೂವತ್ತೈದಕ್ಕೂ, 2015–16ರಲ್ಲಿ ಮೂವತ್ತಕ್ಕೂ ಇಳಿಯಿತು. ಹಣವಂತರ ದೇಶದ ಕಾಲೇಜುಗಳೇ ವೃತ್ತಿಪರರಿಗಿಂತ ಮೂವತ್ತು ವರ್ಷ ಹಿಂದೆ ನಿಂತು, ಒಂದೊಂದೇ ಮೆಟ್ಟಿಲು ಏರಿದುವು ಎಂಬುದು ಗಮನಾರ್ಹ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಎಲ್ಲ ದೇಶಕ್ಕೂ ಸಲ್ಲುವ ಬುದ್ಧಿ.

ಗಡಿಯಾರವು ಸೆಕೆಂಡನ್ನು ಹತ್ತು ಭಾಗ ಮಾಡಿ ತೋರಿಸತೊಡಗಿದ ಮೇಲೆ ಇನ್ನೊಂದು ಸೂಕ್ಷ್ಮ ಹುಟ್ಟಿತು. ಇಂದಿನ ನಿಯಮದಂತೆ, ಹೊರಗಿನಿಂದ ಚೆಂಡು ಒಳಬರುವಾಗ ಗಡಿಯಾರದಲ್ಲಿ 0.3 ಸೆಕೆಂಡು ಉಳಿದಿದ್ದರೆ ಆಟಗಾರನು ಹಿಡಿದು ಎಸೆಯಬಹುದು, 0.2 ಅಥವಾ 0.1 ಮಾತ್ರ ಉಳಿದಿದ್ದರೆ ಹಿಡಿಯುವ ಹಾಗಿಲ್ಲ, ತಟ್ಟಿಯೇ ಒಳಗೆ ಹಾಕಬೇಕು. ಮುಳ್ಳಿನ ಸ್ಟಾಪ್‌ವಾಚ್ ಹಿಡಿದು ಕುಳಿತವರಿಂದ ಇಂತಹ ನಿಯಮದ ಪಾಲನೆ ಸಾಧ್ಯವೇ? ಯಂತ್ರ ಬಂದುದರಿಂದ ನಿಯಮ ಬಂದಿತು. ನಿಯಮ ಬಂದುದರಿಂದ ಯಂತ್ರ ಅನಿವಾರ್ಯವಾಯಿತು. ಈ ಸುಳಿಯೊಳಗೆ ಕಾಲಿಡುವ ಮೊದಲು ಕಾಲೇಜುಗಳು ಯೋಚಿಸಬೇಕು.

ಮ್ಯೂನಿಕ್‌ನ ಮೂರು ಸೆಕೆಂಡು

ಯಂತ್ರವಿದ್ದರೆ ಜಗಳವಿಲ್ಲ ಎಂದು ನಂಬುವವರು 1972ರ ಮ್ಯೂನಿಕ್ ಒಲಿಂಪಿಕ್ಸನ್ನು ನೆನೆಯಬೇಕು. ಸೆಪ್ಟೆಂಬರ್ 9ರ ರಾತ್ರಿ ಆರಂಭವಾಗಿ ನಡುರಾತ್ರಿಯ ನಂತರ ಮುಗಿದ ಅಂತಿಮ ಪಂದ್ಯದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎದುರುಬದುರು. ಮೂರು ಸೆಕೆಂಡು ಉಳಿದಿರುವಾಗ ಡಗ್ ಕಾಲಿನ್ಸ್ ಎರಡು ಫ್ರೀ ಥ್ರೋಗಳನ್ನು ಹಾಕಿ ಅಮೆರಿಕಕ್ಕೆ 50–49ರ ಮುನ್ನಡೆ ಕೊಟ್ಟರು. ಎರಡನೆಯ ಎಸೆತದ ಹೊತ್ತಿಗೇ ಮೇಜಿನಿಂದ ಕಹಳೆ ಮೊಳಗಿತು. ಸೋವಿಯತ್ ತರಬೇತುದಾರರು ತಾವು ವಿರಾಮ ಕೇಳಿದ್ದೆವೆಂದರು. ಆಟ ಆರಂಭವಾಗಿ ಒಂದು ಸೆಕೆಂಡು ಉಳಿದಿರುವಾಗ ನಿಂತಿತು. ಅಂತರರಾಷ್ಟ್ರೀಯ ಸಂಸ್ಥೆಯ ಕಾರ್ಯದರ್ಶಿ ವಿಲಿಯಂ ಜೋನ್ಸ್ ಪ್ರೇಕ್ಷಕರ ನಡುವಿನಿಂದ ಇಳಿದುಬಂದು ಗಡಿಯಾರದಲ್ಲಿ ಮತ್ತೆ ಮೂರು ಸೆಕೆಂಡು ಇಡಬೇಕೆಂದರು. ಗಡಿಯಾರವನ್ನು ಸರಿಪಡಿಸುವುದು ಮುಗಿಯುವ ಮೊದಲೇ ಚೆಂಡನ್ನು ಒಳಗೆ ಬಿಡಲಾಯಿತು. ಕಹಳೆ ಕೇಳಿ ಅಮೆರಿಕದವರು ಗೆದ್ದೆವೆಂದು ಕುಣಿದಾಡಿದರು. ಮೂರನೆಯ ಬಾರಿ ಅದೇ ಮೂರು ಸೆಕೆಂಡುಗಳನ್ನು ಆಡಿಸಿದಾಗ ಇವಾನ್ ಎದೆಷ್ಕೊ ಅಂಕಣದ ಈ ತುದಿಯಿಂದ ಆ ತುದಿಗೆ ಎಸೆದ ಚೆಂಡನ್ನು ಅಲೆಕ್ಸಾಂದರ್ ಬೆಲೋವ್ ಬುಟ್ಟಿಗೆ ಹಾಕಿದರು. 51–50. ಮೇಲ್ಮನವಿ ಮಂಡಲಿ ಮೂರಕ್ಕೆ ಎರಡು ಮತಗಳಿಂದ ಆ ಫಲಿತಾಂಶವನ್ನು ಎತ್ತಿಹಿಡಿಯಿತು. ಅಮೆರಿಕದ ಆಟಗಾರರು ಬೆಳ್ಳಿಯ ಪದಕಗಳನ್ನು ಸ್ವೀಕರಿಸಲೇ ಇಲ್ಲ.

ಅಂದು ಮೇಜಿನ ಮೇಲೆ ಇದ್ದುದು ಆ ಕಾಲದ ಉತ್ತಮ ಯಂತ್ರಗಳೇ. ಕೊರತೆಯಾದುದು ಯಂತ್ರಕ್ಕೂ ಮೇಜಿನವರಿಗೂ ತೀರ್ಪುಗಾರರಿಗೂ ಇರಬೇಕಾಗಿದ್ದ ಹೊಂದಿಕೆ. ಯಾರು ಗುಂಡಿ ಒತ್ತಬೇಕು, ಯಾವಾಗ ಒತ್ತಬೇಕು, ಸಿದ್ಧವಾಯಿತೆಂದು ಯಾರು ಯಾರಿಗೆ ಸನ್ನೆ ಮಾಡಬೇಕು, ಇವು ಹಣ ಕೊಟ್ಟು ಕೊಳ್ಳುವ ಪದಾರ್ಥಗಳಲ್ಲ. ಕುಣಿಯಲಾರದವಳಿಗೆ ಅಂಗಳ ಡೊಂಕು ಎಂಬ ಗಾದೆ ಸೋತ ತಂಡಕ್ಕೆ ಅನೇಕ ವೇಳೆ ಸಲ್ಲುತ್ತದೆ. ಆದರೆ ಅಂಗಳವೇ ನಿಜವಾಗಿ ಡೊಂಕಾದಾಗ ಆ ಗಾದೆಯಿಂದ ಸಮಾಧಾನ ಹೇಳಲಾಗದು.

ನಮ್ಮ ದೇಶದಲ್ಲಿ

ನಮ್ಮಲ್ಲಿ ಪುರುಷರ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಪಂದ್ಯಾವಳಿ 1934ರಲ್ಲಿ ದೆಹಲಿಯಲ್ಲಿ ಮೊದಲಾಯಿತು; ಅಖಿಲ ಭಾರತ ಒಕ್ಕೂಟ 1950ರಲ್ಲಿ ರೂಪುಗೊಂಡಿತು; 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರು ಆಡಿದರು. 1982ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಫಲಿತಾಂಶಗಳ ಲೆಕ್ಕಕ್ಕೆ ಗಣಕಯಂತ್ರಗಳು ಬಂದವು. ಆ ಕೆಲಸಕ್ಕೆ ಕೈಹಾಕಿದ ರಾಷ್ಟ್ರೀಯ ಮಾಹಿತಿ ಕೇಂದ್ರದ ಮುಖ್ಯಸ್ಥರಾಗಿದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ್ದ ಎನ್. ಶೇಷಗಿರಿಯವರು ಎಂಬುದು ನಮಗೆ ಹೆಮ್ಮೆಯ ವಿಷಯ. 2017ರಲ್ಲಿ ಬೆಂಗಳೂರಿನಲ್ಲೇ ನಡೆದ ಮಹಿಳೆಯರ ಏಷ್ಯಾ ಕಪ್‌ನ ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ನಮ್ಮ ಹುಡುಗಿಯರು ಕಝಾಕಿಸ್ತಾನವನ್ನು ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಅಂತರ 75–73, ಒಂದೇ ಬುಟ್ಟಿ. ಎರಡು ಅಂಕದ ಅಂತರದಲ್ಲಿ ಒಂದು ದೇಶದ ಸ್ಥಾನ ನಿರ್ಧಾರವಾಗುವಾಗ ಮೇಜಿನವರ ಪ್ರತಿಯೊಂದು ಓರೆಗೆರೆಗೂ ಬೆಲೆಯಿದೆ.

ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಇರುವ ಸಲಕರಣೆ ಕಾಲೇಜು ಅಂಕಣದಲ್ಲಿ ಇಲ್ಲದಿದ್ದರೆ ಆಗುವ ನಷ್ಟವೇನು? ಹುಡುಗನೊಬ್ಬ ನಾಲ್ಕು ವರ್ಷ ಇಪ್ಪತ್ತನಾಲ್ಕು ಸೆಕೆಂಡಿನ ಅಂಕುಶವಿಲ್ಲದೆ ಆಡಿ, ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಾಗಿ ಹೊರರಾಜ್ಯಕ್ಕೆ ಹೋದಾಗ ಅಲ್ಲಿ ತಲೆಯ ಮೇಲೆ ಕೆಂಪು ಅಂಕೆಗಳು ಇಳಿಯುತ್ತಿರುವುದನ್ನು ಕಂಡು ತಬ್ಬಿಬ್ಬಾಗುತ್ತಾನೆ. ಆಟ ಬಾರದ್ದರಿಂದ ಅಲ್ಲ, ಗಡಿಯಾರದ ಅಭ್ಯಾಸವಿಲ್ಲದ್ದರಿಂದ ಸೋಲುತ್ತಾನೆ. ಹೊಸ ಸಲಕರಣೆಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದೇ ಎಂದು ನಮ್ಮ ಅಭಿಪ್ರಾಯ.

ಜಾದವ್‌ಪುರ ಹೇಳುವ ಮಾತು

ಜಾದವ್‌ಪುರ ವಿಶ್ವವಿದ್ಯಾನಿಲಯ ಈಗಿನ ರೂಪ ಪಡೆದದ್ದು 1955ರ ಡಿಸೆಂಬರಿನಲ್ಲಿ. ಆದರೆ ಅದರ ಬೇರು 1906ರ ರಾಷ್ಟ್ರೀಯ ಶಿಕ್ಷಣ ಪರಿಷತ್ತಿನಲ್ಲಿದೆ. ವಂಗಭಂಗದ ವಿರುದ್ಧ ಎದ್ದ ಸ್ವದೇಶಿ ಚಳವಳಿಯ ಕಾಲದಲ್ಲಿ, ಪರರ ಕೃಪೆಯಿಲ್ಲದೆ ನಮ್ಮ ವಿದ್ಯೆಯನ್ನು ನಾವೇ ಕಟ್ಟಿಕೊಳ್ಳಬೇಕೆಂದು ಹೊರಟವರ ಸಂಸ್ಥೆ ಅದು. ರಾಸಬಿಹಾರಿ ಘೋಷರು ಅದರ ಅಧ್ಯಕ್ಷರು. ಅರವಿಂದ ಘೋಷರು ಅದರ ರಾಷ್ಟ್ರೀಯ ಕಾಲೇಜಿನ ಮೊದಲ ಪ್ರಾಂಶುಪಾಲರು. ಒಂದು ಲಕ್ಷ ರೂಪಾಯಿ ಕೊಟ್ಟ ಸುಬೋಧಚಂದ್ರ ಮಲ್ಲಿಕರನ್ನು ಜನರೇ 'ರಾಜಾ' ಎಂದು ಕರೆದರು. ವಿಶ್ವವಿದ್ಯಾನಿಲಯದ ಮುಂದಿನ ಹೆದ್ದಾರಿ ಇಂದಿಗೂ ಆ ಹೆಸರನ್ನೇ ಹೊತ್ತಿದೆ.

ಆ ಮನೋಧರ್ಮದ ಫಲ ಅರವತ್ತರ ದಶಕದಲ್ಲಿ ಕಂಡಿತು. ಜಾದವ್‌ಪುರ ವಿಶ್ವವಿದ್ಯಾನಿಲಯ ಮತ್ತು ಬರಾನಗರದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಒಟ್ಟುಗೂಡಿ, ಟ್ರಾನ್ಸಿಸ್ಟರುಗಳಿಂದ ನಡೆಯುವ ಗಣಕಯಂತ್ರವೊಂದನ್ನು ತಾವೇ ರೂಪಿಸಿ 1966ರಲ್ಲಿ ಕೆಲಸಕ್ಕೆ ಹಚ್ಚಿದವು. ಎರಡೂ ಸಂಸ್ಥೆಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಅದಕ್ಕೆ 'ಐಎಸ್‌ಐಜೆಯು' ಎಂದು ಹೆಸರಿಟ್ಟರು. ಗಣಕಯಂತ್ರವೆಂದರೆ ಹಡಗಿನಲ್ಲಿ ಬರುವ ವಸ್ತು ಎಂಬ ಕಾಲದಲ್ಲಿ ಅದನ್ನು ನೆಲದಲ್ಲೇ ಕಟ್ಟಿದ ಜಾಗದಲ್ಲಿ, ಎರಡು ತಂಡಗಳ ಅಂಕ ತೋರಿಸುವ ಹಲಗೆಯನ್ನು ಪರರಿಂದ ಕೊಳ್ಳಲೇಬೇಕೇ?

ಅಂಕಫಲಕದ ಗುಟ್ಟು ದೊಡ್ಡದಲ್ಲ. ಒಂದೊಂದು ಅಂಕೆಗೆ ಏಳು ದೀಪದ ಪಟ್ಟಿಗಳು: ಮೇಲೆ, ನಡುವೆ, ಕೆಳಗೆ ಅಡ್ಡಲಾಗಿ ಮೂರು, ಎಡಬಲಗಳಲ್ಲಿ ನಿಲುವಾಗಿ ನಾಲ್ಕು. ಎಲ್ಲವೂ ಉರಿದರೆ 8. ಬಲಗಡೆಯ ಎರಡು ಮಾತ್ರ ಉರಿದರೆ 1. ಈ ಏಳರಿಂದಲೇ ಹತ್ತೂ ಅಂಕೆಗಳು ಹುಟ್ಟುತ್ತವೆ. ಎಂಜಿನಿಯರಿಂಗ್ ಓದುವ ಎರಡನೆಯ ವರ್ಷದ ವಿದ್ಯಾರ್ಥಿ ತನ್ನ ಪ್ರಯೋಗಶಾಲೆಯಲ್ಲಿ ಇದನ್ನು ಕಟ್ಟಬಲ್ಲನು. ಕಟ್ಟಿದವನೇ ಕೆಟ್ಟಾಗ ರಿಪೇರಿ ಮಾಡಬಲ್ಲನು. ಕೊಂಡುತಂದ ಯಂತ್ರ ಕೆಟ್ಟರೆ ಕಂಪೆನಿಯ ಮನುಷ್ಯನಿಗೆ ಕಾಯುತ್ತಾ ಒಂದು ಋತುವೇ ಕಳೆದುಹೋದೀತು.

ಅಂಕೆ ಓದುವ ಕಷ್ಟ

ಇಲ್ಲಿ ನಾಡು ಬಿಟ್ಟು ಬಂದವರಿಗೆ ಮಾತ್ರ ತಿಳಿಯುವ ಒಂದು ಸಂಗತಿಯನ್ನು ಹೇಳಬೇಕು. ಲೇಕ್ ಮಾರ್ಕೆಟ್ಟಿನ ಸುತ್ತ ದಾಕ್ಷಿಣಾತ್ಯರು ನೆಲೆಸಿ ದಶಕಗಳಾದರೂ, ಹೊಸದಾಗಿ ಕಲಕತ್ತೆಗೆ ಬಂದ ನಮ್ಮವರು ಬಂಗಾಳಿ ಅಂಕೆಗಳ ಮುಂದೆ ಮೋಸ ಹೋಗುವುದು ತಪ್ಪಲಿಲ್ಲ. ಬಂಗಾಳಿಯ ನಾಲ್ಕು ನೋಡಲು ಇಂಗ್ಲಿಷಿನ 8ರಂತೆ. ಬಂಗಾಳಿಯ ಏಳು ಬಹುಮಟ್ಟಿಗೆ 9ರಂತೆ. ಕೈಯಲ್ಲಿ ಬರೆದ ಹಲಗೆಯ ಮೇಲೆ ನಲವತ್ತೇಳು ಎಂದಿದ್ದರೆ ನಮ್ಮ ಹುಡುಗ ಎಂಬತ್ತೊಂಬತ್ತು ಎಂದು ಓದಿಕೊಂಡಾನು! ದೀಪದ ಫಲಕದಲ್ಲಿ ಈ ತೊಡಕಿಲ್ಲ. ಸಂವಿಧಾನದ 343ನೆಯ ವಿಧಿಯು ಒಕ್ಕೂಟದ ಆಡಳಿತಕ್ಕೆ ಒಪ್ಪಿದ ಅಂತರರಾಷ್ಟ್ರೀಯ ರೂಪದ ಅಂಕೆಗಳೇ ಅಲ್ಲಿ ಬೆಳಗುತ್ತವೆ. ಭಾಷೆ ಬಾರದವನಿಗೂ ಆಟ ತಿಳಿಯುತ್ತದೆ.

ಆದರೆ ದೀಪದ ಅಂಕೆಗೂ ತನ್ನದೇ ಆದ ಮೋಸವಿದೆ. ಏಳರಲ್ಲಿ ನಡುವಿನ ಪಟ್ಟಿ ಸತ್ತರೆ 8 ಎಂಬುದು 0 ಆಗುತ್ತದೆ. ಬಲಮೇಲಿನ ಪಟ್ಟಿ ಸತ್ತರೆ 8 ಎಂಬುದು 6, 9 ಎಂಬುದು 5. ಮೇಲಿನ ಅಡ್ಡಪಟ್ಟಿ ಸತ್ತರೆ 7 ಎಂಬುದು 1. ಪೂರ್ತಿ ಆರಿಹೋದ ಫಲಕ ತನ್ನ ದೋಷವನ್ನು ತಾನೇ ಒಪ್ಪಿಕೊಳ್ಳುತ್ತದೆ; ಒಂದು ಪಟ್ಟಿ ಮಾತ್ರ ಆರಿದ ಫಲಕ ಸುಳ್ಳನ್ನೇ ಬೆಳಗಿಸಿ ತೋರಿಸುತ್ತದೆ. ಆದುದರಿಂದಲೇ ಪಂದ್ಯಕ್ಕೆ ಮೊದಲು ಎಲ್ಲ ಸ್ಥಾನಗಳಲ್ಲೂ 8 ಬರುವಂತೆ ಮಾಡಿ ಏಳೇಳು ಪಟ್ಟಿಗಳನ್ನೂ ಪರೀಕ್ಷಿಸಬೇಕು. ಅದಕ್ಕೆ ತಗಲುವುದು ಅರ್ಧ ನಿಮಿಷ.

ಇದರ ಜೊತೆಗೆ ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಂಗಾಳದಲ್ಲಿ ಚೈತ್ರ ವೈಶಾಖಗಳ ಸಂಜೆಗೆ 'ಕಾಲ್‌ಬೈಶಾಖಿ' ಎಂಬ ಬಿರುಗಾಳಿ ಇದ್ದಕ್ಕಿದ್ದಂತೆ ಎರಗುತ್ತದೆ. ಪಂದ್ಯಗಳು ನಡೆಯುವುದೂ ಸಂಜೆಯೇ. ತೆರೆದ ಅಂಕಣದಲ್ಲಿ ತಂತಿಗಳ ಮೇಲೆ ಮಳೆ ಬಿದ್ದರೆ ಅಂಕ ಕೆಡುವುದಿರಲಿ, ಪ್ರಾಣಾಪಾಯವೇ ಉಂಟು. ಇಳಿಬಿಸಿಲಿಗೆ ಎದುರಾಗಿಟ್ಟ ಫಲಕದಲ್ಲಿ ಅಂಕೆ ಕಾಣುವುದೇ ಇಲ್ಲ. ಹೊಸ ಸಲಕರಣೆಯನ್ನು ತರುವವರು ಅದರ ಬೆಲೆಯ ಜೊತೆಗೆ ಹೊದಿಕೆ, ಬ್ಯಾಟರಿ, ನೆರಳು, ಬೀಗ ಇವುಗಳ ಬೆಲೆಯನ್ನೂ ಕೂಡಿಸಬೇಕು.

ಕಾಗದವನ್ನು ಬಿಡಬಾರದು

ಹಾಗಾದರೆ ನಮ್ಮ ಕಾಲೇಜುಗಳು ಮಾಡಬೇಕಾದುದೇನು? ಎಲ್ಲವನ್ನೂ ಒಂದೇ ದಿನ ತರುವ ಆಡಂಬರ ಬೇಡ. ಮೊದಲು ಒಳ್ಳೆಯ ಸ್ಟಾಪ್‌ವಾಚುಗಳು ಮತ್ತು ನಿಯಮಬದ್ಧ ಅಂಕಪತ್ರ. ಆ ಬಳಿಕ ಇಪ್ಪತ್ತನಾಲ್ಕು ಸೆಕೆಂಡಿನ ಗಡಿಯಾರ, ಏಕೆಂದರೆ ಆಟವನ್ನು ತಿದ್ದುವುದು ಅದೇ. ಕೊನೆಗೆ ದೊಡ್ಡ ಅಂಕಫಲಕ, ಏಕೆಂದರೆ ಅದು ಮುಖ್ಯವಾಗಿ ನೋಡುಗರ ಅನುಕೂಲಕ್ಕೆ. ಅನೇಕ ಕಡೆ ಈ ಕ್ರಮ ತಲೆಕೆಳಗಾಗುತ್ತದೆ. ದಾನಿಗಳ ಹೆಸರು ಬರೆಯಲು ಜಾಗವಿರುವುದು ದೊಡ್ಡ ಫಲಕದ ಮೇಲೆ ತಾನೇ!

ಎರಡನೆಯದಾಗಿ, ಯಂತ್ರ ಬಂದಿತೆಂದು ಕಾಗದವನ್ನು ಬಿಡಬಾರದು. ಫಲಕಕ್ಕೂ ಅಂಕಪತ್ರಕ್ಕೂ ವ್ಯತ್ಯಾಸ ಬಂದು ಬೇರೆ ದಾರಿ ಕಾಣದಾದಾಗ ಅಂಕಪತ್ರದ ಮಾತೇ ಕೊನೆಯ ಮಾತು ಎಂಬುದು ಅಂತರರಾಷ್ಟ್ರೀಯ ಕ್ರಮ. ಫಲಕ ಹೇಳುವುದು ಮೊತ್ತವನ್ನು ಮಾತ್ರ. ಆ ಮೊತ್ತ ಹೇಗೆ ಬಂದಿತು, ಯಾರಿಂದ ಬಂದಿತು, ಯಾವ ಸರದಿಯಲ್ಲಿ ಬಂದಿತು ಎಂಬುದನ್ನು ಹೇಳುವುದು ಹಾಳೆ. ಗಣಕದಲ್ಲೇ ಅಂಕಪತ್ರ ಬರೆಯುವ ಪದ್ಧತಿ ಈಗ ಬಂದಿದೆ, ಬರಲಿ. ಆದರೆ ವಿದ್ಯುತ್ತು ಹೋದರೂ ಲೆಕ್ಕ ಹೋಗದಂತೆ ಪಕ್ಕದಲ್ಲಿ ಒಂದು ಹಾಳೆ, ಒಂದು ಲೇಖನಿ ಇರಲಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಾಲೇಜಿನ ವಿದ್ಯಾರ್ಥಿ ನಾಲ್ಕು ವರ್ಷದ ಅತಿಥಿ. ಯಂತ್ರವನ್ನು ಬಲ್ಲ ಒಬ್ಬನೇ ಒಬ್ಬನು ಪದವಿ ಪಡೆದು ಹೊರಟುಹೋದರೆ ಯಂತ್ರವೂ ಅವನ ಜೊತೆಗೇ ಹೊರಟುಹೋದಂತೆ. ಪ್ರತಿ ವರ್ಷವೂ ಹೊಸ ವಿದ್ಯಾರ್ಥಿಗಳಲ್ಲಿ ಇಬ್ಬರನ್ನಾದರೂ ಮೇಜಿನ ಹಿಂದೆ ಕೂರಿಸಿ ಕಲಿಸಬೇಕು. ಆಟಗಾರರಿಗೆ ಕೊಡುವ ಪ್ರಶಸ್ತಿಪತ್ರವನ್ನು ಅವರಿಗೂ ಕೊಡಬೇಕು. ನಮ್ಮ ಸಂಘಗಳು ಅಂತರ ಸಂಘ ಪಂದ್ಯಗಳಿಗೆ ಕಪ್ಪುಗಳನ್ನು ಕೊಡುವಾಗ, ಅತ್ಯುತ್ತಮವಾಗಿ ಅಂಕಪತ್ರ ಬರೆದವರಿಗೆಂದು ಒಂದು ಚಿಕ್ಕ ಬಹುಮಾನವನ್ನೂ ಇಟ್ಟರೆ ಹೆಚ್ಚು ಖರ್ಚಿಲ್ಲದೆ ದೊಡ್ಡ ಉಪಕಾರವಾದೀತು.

ನಾಡು ಬಿಟ್ಟು ಬಂದ ನಮ್ಮ ಜನ ಪರಸ್ಥಳದಲ್ಲಿ ಹೆಸರು ಗಳಿಸಿದ್ದು ಬಹುಮಟ್ಟಿಗೆ ಲೆಕ್ಕದ ಶುದ್ಧಿಯಿಂದ. ಹೋಟೆಲಿನ ಗಲ್ಲಾದಲ್ಲಿ, ಬ್ಯಾಂಕಿನ ಮೇಜಿನಲ್ಲಿ, ಕಚೇರಿಯ ಕಡತದಲ್ಲಿ ನಮ್ಮವರ ಲೆಕ್ಕ ಸರಿ ಎಂಬ ವಿಶ್ವಾಸವೇ ನಮ್ಮ ಬಂಡವಾಳ. ಆಟದ ಅಂಕಣದ ಪಕ್ಕದ ಮೇಜೂ ಅಂತಹುದೇ ಒಂದು ಶಾಲೆ. ತನ್ನ ಗೆಳೆಯರ ತಂಡ ಸೋಲುತ್ತಿರುವಾಗಲೂ ಎದುರಾಳಿಯ ಅಂಕದ ಮೇಲೆ ಸರಿಯಾದ ಓರೆಗೆರೆಯನ್ನು ಎಳೆಯುವ ಹುಡುಗ ಅಥವಾ ಹುಡುಗಿ ಅಲ್ಲಿ ಕಲಿಯುವ ಪಾಠವನ್ನು ಯಾವ ಯಂತ್ರವೂ ಕಲಿಸದು. ಹೊಸ ಯಂತ್ರಗಳನ್ನು ಸ್ವಾಗತಿಸೋಣ, ಸಾಧ್ಯವಾದೆಡೆ ಜಾದವ್‌ಪುರದ ಹಿರಿಯರಂತೆ ನಾವೇ ಕಟ್ಟೋಣ. ಆದರೆ ಗುಂಡಿಯ ಮೇಲಿರುವ ಬೆರಳು ಪಕ್ಷಪಾತವಿಲ್ಲದ ಬೆರಳಾಗಿರುವಂತೆ ನಮ್ಮ ಮಕ್ಕಳನ್ನು ಬೆಳೆಸುವ ಕೆಲಸವನ್ನು ಮಾತ್ರ ಯಂತ್ರಕ್ಕೆ ಒಪ್ಪಿಸದಿರೋಣ.